ಎರಡು ಗೀಟು

ನಮ್ಮ ಕಟ್ಟಡದ ಮೆಟ್ಟಿಲು ಒರೆಸುವ ಕೆಲಸವನ್ನು ನನಗೆ ಯಾರೂ ಒಪ್ಪಿಸಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಬೆಳಿಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ. ಕಂಡಲ್ಲಿ ಕಂಡದ್ದನ್ನು ಒರೆಸುತ್ತಾ ಹೋಗುತ್ತೇನೆ. ಮೂವತ್ತು ವರ್ಷದಿಂದ ಕಿಟಕಿ ಪರದೆ ಹೊಲಿದು ಬದುಕಿದವಳು ನಾನು. ಒಂದು ಕಲೆ ಬಿದ್ದರೆ ಹತ್ತು ಮೀಟರ್ ಬಟ್ಟೆ ಹಾಳಾಗುವ ಕೆಲಸ ಅದು, ಹಾಗಾಗಿ ಕೊಳೆ ಕಂಡರೆ ಮೈಯೆಲ್ಲ ಉರಿಯುತ್ತದೆ. ಕಟ್ಟಡದವರು ನನ್ನ ಬೆನ್ನ ಹಿಂದೆ ‘ಇನ್ಸ್‌ಪೆಕ್ಟರ್’ ಅನ್ನುತ್ತಾರೆಂದು ಗೊತ್ತು. ಅನ್ನಲಿ ಬಿಡಿ, ನನ್ನ ಬಾಯೇನು ಸುಮ್ಮನಿರುತ್ತದೆಯೇ? ಈಗ ಹೇಳಹೊರಟದ್ದು ಮಾತ್ರ ನನ್ನ ಮೇಲಿನ ಮನೆಯವಳ ವಿಷಯ. ಇದರೊಳಗೆ ನಾನು ಬರುವುದು ಆ ಒದ್ದೆ ಬಟ್ಟೆಯ ದೆಸೆಯಿಂದ.

ಅವಳು ಪಾರ್ಸೆಲ್ ಗೋಡೌನಿನಲ್ಲಿ ತೂಕದ ಮೇಜಿನ ಕೆಲಸದವಳು. ನಾವೆಲ್ಲ ಅವಳನ್ನು ಕರೆಯುತ್ತಿದ್ದದ್ದು ಪಾರ್ಸೆಲಮ್ಮ ಎಂದೇ. ಆರು ವರ್ಷ ಪೆಟ್ಟಿಗೆ ಎತ್ತಿ ಇಳಿಸಿ ಅವಳ ಕೈಯೇ ತಕ್ಕಡಿಯಾಗಿಬಿಟ್ಟಿತ್ತು. ಒಮ್ಮೆ ನಾನು ಪರದೆಯ ಗಂಟು ಹೊತ್ತು ತಂದು, ಮೆಟ್ಟಿಲ ಬುಡದಲ್ಲಿಟ್ಟು ಏದುಸಿರು ಬಿಡುತ್ತಾ ನಿಂತಿದ್ದೆ. ಹಿಂದಿನಿಂದ ಬಂದವಳು ಹೂಂ ಇಲ್ಲ ಉಹೂಂ ಇಲ್ಲ, ಗಂಟನ್ನು ಎತ್ತಿಕೊಂಡು ಹೋಗಿ ಎರಡನೇ ಮಹಡಿಯಲ್ಲಿ ನನ್ನ ಬಾಗಿಲ ಮುಂದೆ ಇಟ್ಟು, “ಆರೂ ಇನ್ನೂರು” ಅಂದು ತನ್ನ ಪಾಡಿಗೆ ಹೋದಳು. ನಾನು ಹಠಕ್ಕೆ ಬಿದ್ದು ಅಂಗಡಿಯಲ್ಲಿ ತೂಗಿಸಿದೆ. ಆರು ಕೆಜಿ ಇನ್ನೂರೈವತ್ತು ಗ್ರಾಂ ಬಂತು. ಆ ಐವತ್ತು ಗ್ರಾಂ ಹೆಚ್ಚು ಬಂದದ್ದಕ್ಕೆ ನಾನು ಖುಷಿಪಟ್ಟೆ ಅಂದರೆ ನನ್ನ ಬುದ್ಧಿ ಎಂಥದೆಂದು ನೀವೇ ತಿಳಿಯಿರಿ.

ಮಾತು ಅವಳದು ಬಲು ಕಮ್ಮಿ. ಗಂಡ ಕ್ರೇನ್ ನಡೆಸುವವನು. ಎರಡು ದಿನದ ದಾರಿಯಾಚೆ ಎಲ್ಲೋ ಸೇತುವೆ ಕಟ್ಟುತ್ತಿದ್ದರು, ಅಲ್ಲಿಂದ ಎರಡು ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದ. ಊರಿನ ಭಾರವನ್ನೆಲ್ಲ ಎತ್ತುವ ಗಂಡಸು, ಮನೆಯ ಭಾರಕ್ಕೆ ಮಾತ್ರ ಫೋನಿನಲ್ಲೇ ಕೈ ಕೊಡುತ್ತಿದ್ದ. ಹದಿನಾರು ತಿಂಗಳ ಮಗಳೊಂದು, ದುಂಡಗಿನ ತಲೆಯದು, ಅದಕ್ಕೆ ಬಟಾಣಿ ಅಂತ ಅವಳೇ ಇಟ್ಟ ಹೆಸರು. ಹೊಟ್ಟೆಯಲ್ಲಿ ಇನ್ನೊಂದು, ಆರನೇ ತಿಂಗಳು.

ಆರನೇ ತಿಂಗಳು ಹಿಡಿದ ವಾರವೇ ಅವಳಿಗೆ ರಕ್ತ ಕಂಡಿತು. ಹೆರಿಗೆ ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಾಸು ಕೆಳಗೆ, ಗರ್ಭದ ಬಾಯಿಯ ಹತ್ತಿರ ಕೂತಿದೆ, ಇನ್ನು ಕೆಲಸಕ್ಕೆ ಹೋಗುವ ಹಾಗಿಲ್ಲ, ಐದು ಕೆಜಿಗಿಂತ ಹೆಚ್ಚಿನದನ್ನು ಎತ್ತುವ ಹಾಗಿಲ್ಲ, ಮತ್ತೆ ರಕ್ತ ಹೋದರೆ ಮಗುವನ್ನು ಉಳಿಸಿಕೊಡುತ್ತೇನೆಂದು ಮಾತು ಕೊಡಲಾರೆ ಎಂದು ಖಂಡತುಂಡವಾಗಿ ಹೇಳಿ ಕಳಿಸಿದರು. ಬಟಾಣಿಯ ತೂಕ ಒಂಬತ್ತೂ ಎಂಟುನೂರು. ಅದನ್ನು ಯಾರೂ ಅವಳಿಗೆ ತೂಗಿ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಆ ಮನೆಯ ಸಂಸಾರವೆಲ್ಲ ನೆಲಕ್ಕಿಳಿಯಿತು. ಮಂಚದಿಂದ ಹಾಸಿಗೆ ನೆಲಕ್ಕೆ ಬಂತು. ಮಗುವಿಗೆ ಊಟ ನೆಲದಲ್ಲಿ, ಸ್ನಾನ ಬಚ್ಚಲಿನ ಕಲ್ಲಿನ ಮೇಲೆ, ಬಟ್ಟೆ ಬದಲಿಸುವುದು ಚಾಪೆಯ ಮೇಲೆ. ಮಗು ಎರಡೂ ಕೈ ಮೇಲೆತ್ತಿ ಬಂದರೆ ಇವಳು ಎಲ್ಲಿದ್ದಳೋ ಅಲ್ಲೇ ಕೂತುಬಿಡುವಳು, ಅದು ತಾನಾಗಿ ಮಡಿಲು ಹತ್ತುತ್ತಿತ್ತು. ಗಟ್ಟಿಮುಟ್ಟಾಗಿ ಓಡಾಡುವ ಮಗು, ಹಾಗಾಗಿ ಮೂರು ವಾರ ಹೇಗೋ ದೂಡಿದಳು. ನನಗೆ ಈ ಯಾವುದೂ ಗೊತ್ತಿರಲಿಲ್ಲ. ಕೆಲಸಕ್ಕೆ ಹೋಗುತ್ತಿಲ್ಲವಲ್ಲ, ಸುಖವಾಗಿ ಮನೆಯಲ್ಲಿದ್ದಾಳೆ ಅಂದುಕೊಂಡಿದ್ದೆ.

ಒಂದು ಸೋಮವಾರ ಬಟಾಣಿಗೆ ಮೈ ಬಿಸಿಯಾಯಿತು. ಬಾಯಿಂದ ಜೊಲ್ಲು ಧಾರಾಕಾರ, ಕೈಗೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕಿ ಕಚ್ಚುವುದು, ಮೇಲಿನ ವಸಡು ಕೆಂಪಗೆ ಉಬ್ಬಿ ಒಳಗೆ ದವಡೆ ಹಲ್ಲಿನ ಬಿಳುಪು ಕಾಣುತ್ತಿತ್ತು. ತಾಯಿಗೆ ಫೋನು ಮಾಡಿದಳು. ತಾಯಿ ಆಗ ಮಗನ ಮನೆಯಲ್ಲಿ, ಸೊಸೆ ಅವಳಿ ಹೆತ್ತು ಹದಿನೈದು ದಿನವಾಗಿತ್ತು, ಹಿಂದಿನಿಂದ ಎರಡು ಕೂಸುಗಳ ಅಳು ಪೈಪೋಟಿಗೆ ಬಿದ್ದಂತೆ ಕೇಳುತ್ತಿತ್ತು. ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಹೀಗೇ, ನಿನಗೂ ಹೀಗೇ ಆಗಿತ್ತು, ಹೆದರಬೇಡ, ಒಂಬತ್ತನೇ ತಿಂಗಳಿಗೆ ನಾನು ಬಂದೇ ಬರ್ತೀನಿ ಅಂದು ಫೋನಿಟ್ಟರು. ಗಂಡನಿಗೆ ಮಾಡಿದಳು. ಅವನೂ ಹಲ್ಲಿನ ಮೇಲೇ ಹಾಕಿದ. ಆ ವಾರ ಸೇತುವೆಯ ದೊಡ್ಡ ತೊಲೆ ಏರಿಸುವುದಿದೆ, ತನ್ನನ್ನು ಬಿಟ್ಟರೆ ಆ ಕ್ರೇನು ಮುಟ್ಟುವವರಿಲ್ಲ, ಇಲ್ಲದಿದ್ದರೆ ಬಂದುಬಿಡುತ್ತಿದ್ದೆ ಅಂದನಂತೆ. ಮೆಟ್ಟಿಲಲ್ಲಿ ಸಿಕ್ಕಾಗ ನಾನು ಕೂಡ, ಕೇಳದೆ ಇದ್ದರೂ, “ಹಲ್ಲು ಬರ್ತಿದೆಯಾ? ಜೊಲ್ಲು ಮೆಟ್ಟಿಲಿಗೆ ಬೀಳದ ಹಾಗೆ ನೋಡ್ಕೊಮ್ಮಾ” ಅಂದಿದ್ದೆ. ಎಲ್ಲರೂ ಒಂದೇ ಮಾತು ಹೇಳಿದ ಮೇಲೆ ಅವಳೂ ನಂಬಿದಳು.

ಆರೋಗ್ಯವಾಗಿದ್ದ ಮಗುವಿಗೆ ಮಡಿಲು ಸಾಕಿತ್ತು. ಕಾಯಿಲೆಯ ಮಗುವಿಗೆ ಹೆಗಲೇ ಬೇಕು. ಹೆಗಲಿಗೆ ಹಾಕಿಕೊಂಡು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಿರುಗಾಡುತ್ತಾ ಬೆನ್ನು ತಟ್ಟುತ್ತಿರಬೇಕು, ನಿಂತರೆ ರಂಪ. ಇವಳು ನೆಲದ ಮೇಲೆ ಕೂತು ತೂಗಿದಳು, ಹಾಡಿದಳು, ಹಾಸಿಗೆಯ ಮೇಲೆ ಮಗುವನ್ನಿಟ್ಟು ಚಾದರದ ತುದಿ ಹಿಡಿದು ಕೋಣೆಯಿಂದ ಕೋಣೆಗೆ ಎಳೆಯಲು ನೋಡಿದಳು. ಬಟಾಣಿ ಯಾವುದಕ್ಕೂ ಬಗ್ಗಲಿಲ್ಲ. ಎದುರಿಗೆ ನಿಂತು ಎರಡೂ ಕೈ ಮೇಲೆತ್ತಿ, ಉಸಿರು ಕಟ್ಟುವ ಹಾಗೆ ಅತ್ತಿತು. ಸೋಮವಾರ ಪೂರ್ತಿ, ಮಂಗಳವಾರ ಅರ್ಧ ದಿನ.

ಮಂಗಳವಾರ ಮಧ್ಯಾಹ್ನ ತಡೆಯಲಾರದೆ ಎತ್ತಿಕೊಂಡಳು. ಎತ್ತಿಕೊಂಡದ್ದೇ ತಡ, ಮಗು ಹೆಗಲಿಗೆ ತಲೆ ಹಾಕಿ, ಅಳು ನಿಲ್ಲಿಸಿ, ಐದು ನಿಮಿಷದಲ್ಲಿ ನಿದ್ದೆ ಹೋಯಿತು. ಆ ಐದು ನಿಮಿಷದಷ್ಟು ಸುಖ ಆ ತಿಂಗಳಲ್ಲೇ ಇರಲಿಲ್ಲ ಅಂತ ಆಮೇಲೆ ನನಗೆ ಹೇಳಿದಳು. ಮಲಗಿಸಿ ಬಚ್ಚಲಿಗೆ ಹೋಗಿ ನೋಡಿದರೆ ರಕ್ತ. ತುಸುವೇ, ರೂಪಾಯಿ ಅಗಲದಷ್ಟು. ಬಚ್ಚಲಿನ ಗೋಡೆಗೆ ಆತುಕೊಂಡು ಎಷ್ಟು ಹೊತ್ತು ನಿಂತಿದ್ದಳೋ ಅವಳಿಗೇ ತಿಳಿಯದು. ಒಂದು ಮಗುವನ್ನು ಸಮಾಧಾನ ಮಾಡಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ಅವಳಿಗೆ ಅವತ್ತು ಹೊಕ್ಕಿತು. ಡಾಕ್ಟರಮ್ಮನಿಗೆ ಫೋನು ಮಾಡಿದರೆ, ಎಡಮಗ್ಗುಲಿಗೆ ಮಲಗಿ, ಹೆಚ್ಚಾದರೆ ತಕ್ಷಣ ಬನ್ನಿ, ಇನ್ನು ಎತ್ತಿದಿರೋ ಜೋಕೆ ಅಂದರು. ರಕ್ತ ಹೆಚ್ಚಾಗಲಿಲ್ಲ. ಇನ್ನು ಏನೇ ಆಗಲಿ ಎತ್ತುವುದಿಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ಇಲ್ಲಿ ಅವಳ ಗೋಡೌನಿನ ಪದ್ಧತಿ ಒಂದನ್ನು ಹೇಳಬೇಕು. ಅಲ್ಲಿ ಪೆಟ್ಟಿಗೆ ಸಾಗಿಸುವ ಬೆಲ್ಟು ಓಡುವ ಸದ್ದಿಗೆ ಪಕ್ಕದವರು ಕೂಗಿದರೂ ಕೇಳುವುದಿಲ್ಲವಂತೆ. ಅದಕ್ಕೇ ಒಬ್ಬರ ಕೈಲಾಗದ ಪೆಟ್ಟಿಗೆ ಬಂದರೆ, ಸೀಮೆಸುಣ್ಣದಿಂದ ಅದರ ಮೇಲೆ ಎರಡು ಗೀಟು ಎಳೆದು ಪಕ್ಕದಲ್ಲಿ ನಿಲ್ಲುತ್ತಾರೆ. ಎರಡು ಗೀಟು ಅಂದರೆ ಇಬ್ಬರ ಪೆಟ್ಟಿಗೆ. ಯಾರ ಕೈ ಖಾಲಿಯಿದೆಯೋ ಅವರು ಬಂದು ಇನ್ನೊಂದು ತುದಿ ಹಿಡಿಯುತ್ತಾರೆ. ಬಾ ಅನ್ನುವುದಿಲ್ಲ, ಬಂದದ್ದಕ್ಕೆ ಉಪಚಾರದ ಮಾತೂ ಇಲ್ಲ. ಗೀಟು ಎಳೆದ ಪೆಟ್ಟಿಗೆಯನ್ನು ನೋಡಿಯೂ ದಾಟಿ ಹೋದವರನ್ನು ತಾನು ಆರು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ ಅಂದಳು. ಸಹಾಯ ಕೇಳುವುದಕ್ಕೆ ಅವಳಿಗೆ ಗೊತ್ತಿದ್ದ ಭಾಷೆ ಅದೊಂದೇ.

ಬುಧವಾರ ಬೆಳಿಗ್ಗೆ ಜ್ವರ ನೂರಾ ಎರಡು ದಾಟಿತ್ತು. ಅವಳು ಮೆಟ್ಟಿಲ ಕಡೆಯ ಮುಂಬಾಗಿಲನ್ನು ಪೂರಾ ತೆರೆದಳು. ಕೆಲಸದ ಕೋಟಿನ ಜೇಬಿನಲ್ಲಿದ್ದ ಸೀಮೆಸುಣ್ಣದ ಚೂರು ತೆಗೆದು, ಬಾಗಿಲ ಚೌಕಟ್ಟಿನ ಮೇಲೆ, ಎದೆಯ ಎತ್ತರಕ್ಕೆ, ಎರಡು ಗೀಟು ಎಳೆದಳು. ಹೊಸ್ತಿಲ ಒಳಗೆ ಚಾಪೆ ಹಾಕಿ, ಅಳುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಇದು ಗೋಡೌನಲ್ಲ, ಇಲ್ಲಿ ಯಾರಿಗೆ ಅರ್ಥವಾಗಬೇಕು ಎಂದು ಅನಿಸಲಿಲ್ಲವೇ ಅಂತ ಆಮೇಲೆ ಕೇಳಿದ್ದೇನೆ. ಅನಿಸಿತಂತೆ. ಆದರೆ ಎರಡು ರಾತ್ರಿ ನಿದ್ದೆಗೆಟ್ಟ ತಲೆಗೆ ಅದೇ ಸರಿ ಅಂತಲೂ ಅನಿಸಿತಂತೆ. ಬಾಗಿಲು ತೆರೆದಿದೆ, ಮಗು ಅಳುತ್ತಿದೆ, ಪಕ್ಕದಲ್ಲಿ ಗೀಟು ಇದೆ, ಇನ್ನೂ ಏನು ಹೇಳಬೇಕು?

ಎಂಟು ಗಂಟೆಗೆ ನಾನು ಬಕೆಟ್ಟು ಹಿಡಿದು ಮೇಲೆ ಬಂದೆ. ತಾಯಿ ಮಗು ಬಾಗಿಲಲ್ಲಿ ಕೂತಿರುವುದನ್ನು ಕಂಡೆ. ಗಾಳಿಗೆ ಕೂತಿದ್ದಾಳೆ ಅಂದುಕೊಂಡೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಚೌಕಟ್ಟಿನ ಕಡೆ ನೋಡಿದಳು. ನಾನೂ ನೋಡಿದೆ. ಹೋದ ತಿಂಗಳಷ್ಟೇ ಬಣ್ಣ ಹೊಡೆಸಿದ ಚೌಕಟ್ಟು. ಒದ್ದೆ ಬಟ್ಟೆಯಿಂದ ಎರಡೂ ಗೀಟನ್ನು ಒರೆಸಿ, ತಾರಸಿಗೆ ಹೋದೆ.

ಗುರುವಾರ ಬೆಳಿಗ್ಗೆ ಮತ್ತೆ ಅದೇ ಜಾಗದಲ್ಲಿ ಎರಡು ಗೀಟು. ಈ ಸಲ ದಪ್ಪಗೆ, ಒತ್ತಿ ಎಳೆದದ್ದು. ನನಗೆ ಪಿತ್ತ ನೆತ್ತಿಗೇರಿತು. ಅವಳು ಚಾಪೆಯ ಮೇಲೆ ಕೂತು ಗೋಡೆಗೆ ತಲೆ ಆನಿಸಿದ್ದಳು. ಮಗುವಿನ ಅಳು ಹೋಗಿ ನರಳಾಟ ಉಳಿದಿತ್ತು. ನಾನು ಒರೆಸುತ್ತಲೇ ಹೇಳಿದೆ:

“ಮಗು ಕೈಗೆ ಸೀಮೆಸುಣ್ಣ ಕೊಡ್ಬೇಡಮ್ಮಾ. ಹೊಸ ಬಣ್ಣ ಇದು. ದಿನಾ ಒರೆಸೋದಕ್ಕೆ ನಾನೇನು ಇಲ್ಲಿ ಕೂಲಿಗಿದ್ದೀನಾ?”

“ಆಯ್ತು ಅಕ್ಕ,” ಅಂದಳು ಅವಳು.

ನಾನು ತಾರಸಿಯಿಂದ ಇಳಿದು ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮಾತು ಕಿವಿಗೆ ಹಾಕಿಕೊಂಡಳು, ಒಳ್ಳೆಯದಾಯಿತು ಅಂತ ನೆಮ್ಮದಿಯಿಂದ ಮನೆಗೆ ಹೋಗಿ ಕಾಫಿ ಕುಡಿದೆ.

ಆ ಮುಚ್ಚಿದ ಬಾಗಿಲ ಹಿಂದೆ ಅವಳು ಅತ್ತಳೋ ಇಲ್ಲವೋ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಜ್ವರ ನೂರಾ ನಾಲ್ಕರ ಹತ್ತಿರ. ಮಗು ಬಲಗಿವಿಯನ್ನು ಹಿಡಿದು ಎಳೆಯುತ್ತಿತ್ತು. ಹಲ್ಲಿಗೂ ಕಿವಿಗೂ ಏನು ಸಂಬಂಧ, ಇದು ಬರೀ ಹಲ್ಲಿನದಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಮಕ್ಕಳ ಡಾಕ್ಟರಿಗೆ ಫೋನು ಮಾಡಿದಳು, ಕೂಡಲೇ ಕರೆತನ್ನಿ ಅಂದರು. ಟ್ಯಾಕ್ಸಿಗೆ ಹೇಳಿದಳು. ಡ್ರೈವರು ಕೆಳಗೆ ನಿಲ್ಲುತ್ತೇನೆ, ಗಾಡಿ ಬಿಟ್ಟು ಮೇಲೆ ಬರಲಾಗುವುದಿಲ್ಲ ಅಂದ. ಅವಳಿರುವುದು ಮೂರನೇ ಮಹಡಿ, ನಮ್ಮಲ್ಲಿ ಲಿಫ್ಟಿಲ್ಲ. ಐವತ್ತನಾಲ್ಕು ಮೆಟ್ಟಿಲು, ಒರೆಸುವವಳಿಗೆ ಲೆಕ್ಕ ಗೊತ್ತು.

ನಾನು ಹೊಲಿಗೆ ಮಷೀನಿನ ಮುಂದೆ ಇದ್ದೆ. ಮೆಟ್ಟಿಲ ಕಡೆಯಿಂದ ಧಪ್ ಅಂತ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಧಪ್. ಯಾರೋ ಮೂಟೆ ಉರುಳಿಸುತ್ತಿದ್ದಾರೆ, ಮೆಟ್ಟಿಲಿನ ಅಂಚು ಒಡೆಯುತ್ತಾರೆ ಅಂತ ಬೈಯಲು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದೆ.

ಅವಳು ಕೂತುಕೊಂಡೇ ಇಳಿಯುತ್ತಿದ್ದಳು. ಒಂದು ಕೈಯಿಂದ ಕಂಬಿ ಹಿಡಿದು ತಾನು ಒಂದು ಮೆಟ್ಟಿಲು ಕೆಳಗೆ ಜಾರಿ ಕೂರುವುದು, ಆಮೇಲೆ ಮೇಲಿನ ಮೆಟ್ಟಿಲಲ್ಲಿರುವ ಮಗುವನ್ನು ತನ್ನ ಪಕ್ಕಕ್ಕೆ ಜಾರಿಸಿಕೊಳ್ಳುವುದು. ಕೊರಳಿಗೆ ಚೀಲ ನೇತುಬಿದ್ದಿತ್ತು. ಮಗುವಿನ ಮುಖ ಕೆಂಡದ ಹಾಗೆ ಕೆಂಪಾಗಿತ್ತು, ಅಂಗಿಯ ಮುಂಭಾಗವೆಲ್ಲ ಒದ್ದೆ. ಹನ್ನೊಂದು ಮೆಟ್ಟಿಲು ಇಳಿದಿದ್ದರು. ನನ್ನನ್ನು ಕಂಡದ್ದೇ ಅವಳು ಗಾಬರಿಯಿಂದ ಹೇಳಿದ್ದು ಇಷ್ಟು:

“ಮೇಲೆ ಮೆಟ್ಟಿಲಲ್ಲಿ ವಾಂತಿ ಮಾಡ್ಕೊಂಡ್ಬಿಟ್ಲು ಅಕ್ಕ. ಡಾಕ್ಟರ್ ಹತ್ರ ಹೋಗಿ ಬಂದು ಒರೆಸ್ತೀನಿ.”

ಇಷ್ಟು ವರ್ಷದಲ್ಲಿ ನನ್ನ ಮೇಲೆ ನನಗೇ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ಯಾಕೆ ಎತ್ತಿಕೊಂಡಿಲ್ಲ ಅಂತ ಕೇಳಿದೆ, ಎರಡೇ ಮಾತಿನಲ್ಲಿ ಹೇಳಿದಳು. ಕತ್ತರಿ ಎಲ್ಲಿ ಬಿಸಾಕಿದೆನೋ ನೆನಪಿಲ್ಲ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಕುತ್ತಿಗೆಗೆ ತಾಗಿದ ಕೆನ್ನೆ ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿತ್ತು. ಎಂದೂ ಒಂದು ನಗು ಕೂಡ ಕೊಡದ ಈ ಸಿಡುಕು ಮೋರೆಯವಳ ಹೆಗಲಿಗೆ ಆ ಮಗು ತಲೆ ಹಾಕಿದ ರೀತಿ ನೋಡಿ ಅದರ ತಾಯಿ ಮುಖ ಆಚೆ ತಿರುಗಿಸಿದಳು.

ಡಾಕ್ಟರು ಕಿವಿಯೊಳಗೆ ದೀಪ ಹಾಕಿ ನೋಡಿ, ಕೀವು ತುಂಬಿದೆ, ಹಲ್ಲು ಬರುತ್ತಿರುವುದೂ ನಿಜ, ಆದರೆ ಹಲ್ಲಿಗೆ ಇಂಥ ಜ್ವರ ಬರುವುದಿಲ್ಲ, ಎರಡು ದಿನ ಮೊದಲೇ ಬರಬೇಕಿತ್ತು ಅಂದರು. ಗದರಿದ್ದಲ್ಲ, ಹೇಳಿದ್ದಷ್ಟೇ. ಔಷಧಿ ಬರೆದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಾನು ತಡೆಯಲಾರದೆ ಸಿಡುಕಿದೆ. ತಪ್ಪು ಮಾಡಿದಾಗ ಸಿಡುಕುವುದೇ ನನ್ನ ಜಾಯಮಾನ.

“ಒಂದು ಮಾತು ಬಾಯಿಬಿಟ್ಟು ಕೇಳ್ಬಾರದಿತ್ತಾ? ಕೆಳಗೇ ಇದ್ನಲ್ಲ ನಾನು?”

“ಕೇಳಿದ್ನಲ್ಲ ಅಕ್ಕ,” ಅಂದಳು. “ಎರಡು ಸಲ ಕೇಳಿದೆ.”

ಆ ಗೀಟುಗಳ ಅರ್ಥ ಅವಳು ಹೇಳಿದ್ದು ಅಲ್ಲಿ, ಆ ಬೆಂಚಿನ ಮೇಲೆ, ದೂರಿನ ಸುಳಿವೂ ಇಲ್ಲದ ದನಿಯಲ್ಲಿ. ಮನೆಗೆ ಬಂದ ಮೇಲೆ ಅವಳಿಗಿಂತ ಮೊದಲು ಮೇಲಿನ ಮೆಟ್ಟಿಲಿಗೆ ಹೋಗಿ ವಾಂತಿ ಒರೆಸಿದೆ. ಅಷ್ಟರಿಂದ ಏನೂ ಸರಿಹೋಗುವುದಿಲ್ಲ ಎಂದು ಗೊತ್ತಿದ್ದೂ ಒರೆಸಿದೆ.

ಮೂರು ದಿನಕ್ಕೆ ಜ್ವರ ಬಿಟ್ಟಿತು, ಐದನೇ ದಿನ ಹಲ್ಲೂ ವಸಡು ಸೀಳಿ ಹೊರಗೆ ಬಂತು. ನಾನು ಹೊಲಿಗೆಯನ್ನು ಅವಳ ಮನೆಗೇ ಒಯ್ದೆ. ಬೆಳಿಗ್ಗೆ ಹೋದರೆ ಮಧ್ಯಾಹ್ನದವರೆಗೆ, ಸಂಜೆ ಮತ್ತೆ ಒಂದು ಸುತ್ತು. ಬಟಾಣಿ ನನ್ನನ್ನು ಅಂಟಿಕೊಂಡಿತು. ನನ್ನ ಹೆಜ್ಜೆ ಸದ್ದಿಗೆ ಬಾಗಿಲಿಗೆ ಓಡಿ ಬರುವುದು, ಎರಡೂ ಕೈ ಮೇಲೆತ್ತುವುದು, ಎತ್ತಿಕೊಂಡರೆ ನನ್ನ ಕನ್ನಡಕ ಕಿತ್ತುಕೊಳ್ಳುವುದು. ಮಕ್ಕಳಿಲ್ಲದವಳು ನಾನು, ಸುಳ್ಳೇಕೆ ಹೇಳಲಿ, ಹಿಗ್ಗಿಹೋದೆ. ಕಟ್ಟಡದವರು ಇನ್ಸ್‌ಪೆಕ್ಟರಿಗೆ ಬಡ್ತಿ ಸಿಕ್ಕಿತು, ಈಗ ಆಯಾ ಆಗಿದ್ದಾಳೆ ಅಂತ ನಕ್ಕರು. ನಡುವೆ ಅವಳ ಗಂಡ ಎರಡು ದಿನ ಬಂದು, ಮಗುವನ್ನು ಹೆಗಲಿನಿಂದ ಇಳಿಸದೆ ಇದ್ದು, ಹೋದ.

ಈ ಹಿಗ್ಗಿನಲ್ಲಿ ನನಗೆ ಕಾಣದೆ ಹೋದದ್ದು ಅವಳಿಗೆ ಕಂಡಿತ್ತು. ಒಂದು ದಿನ ಹಾಲಿನ ಲೋಟ ತೊಳೆಯುತ್ತಾ, ನನಗೆ ಬೆನ್ನು ಹಾಕಿ ಹೇಳಿದಳು:

“ನನ್ನ ಹತ್ರ ಕೇಳೋದೇ ಬಿಟ್ಬಿಟ್ಟಿದ್ದಾಳೆ ಅಕ್ಕ.”

ಏನು ಕೇಳುವುದನ್ನು ಎಂದು ನಾನು ಕೇಳಬೇಕಾಗಲಿಲ್ಲ. ಅಂದಿನಿಂದ ಗಮನಿಸಿದೆ. ಹಸಿವಾದರೆ ಬಟಾಣಿ ತಾಯಿಯ ಬಳಿಗೆ ಹೋಗುತ್ತಿತ್ತು, ನಿದ್ದೆ ಬಂದರೆ ಅವಳ ಪಕ್ಕದಲ್ಲೇ ಮಲಗುತ್ತಿತ್ತು. ಬಿದ್ದು ಪೆಟ್ಟಾದರೆ ಮಾತ್ರ ಅವಳನ್ನು ದಾಟಿಕೊಂಡು ನನ್ನ ಹತ್ತಿರ ಬಂದು ಕೈ ಮೇಲೆತ್ತುತ್ತಿತ್ತು. ನಾನಿಲ್ಲದಿದ್ದರೆ ಗೋಡೆಯ ಮೂಲೆಗೆ ಹೋಗಿ ತಾನೊಂದೇ ಅತ್ತು ಮುಗಿಸುತ್ತಿತ್ತಂತೆ. ಮಗು ಅಷ್ಟೇ, ಮರೆಯುತ್ತದೆ, ಹೆರಿಗೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಅಂತ ಸಮಾಧಾನ ಹೇಳಿದೆ. “ಆಗ ನನ್ನ ಕೈಗೆ ಇನ್ನೊಂದು ಮಗು ಬಂದಿರುತ್ತಲ್ಲ ಅಕ್ಕ,” ಅಂದಳು.

ಎಂಟನೇ ತಿಂಗಳ ಪರೀಕ್ಷೆಗೆ ನಾವಿಬ್ಬರೂ ಹೋದೆವು, ಬಟಾಣಿ ನನ್ನ ಹೆಗಲಲ್ಲಿ. ಡಾಕ್ಟರಮ್ಮ ತೆರೆಯ ಮೇಲೆ ಬೆರಳಿಟ್ಟು ತೋರಿಸಿ, ಮಾಸು ಚೆನ್ನಾಗಿ ಮೇಲೆ ಸರಿದಿದೆ, ಇನ್ನು ಹೆದರಿಕೆಯಿಲ್ಲ ಅಂದರು. ಅವಳು ಕೇಳಿದ್ದು ಒಂದೇ ಪ್ರಶ್ನೆ. ಡಾಕ್ಟರಮ್ಮ ನಕ್ಕು, ಒಂದೊಂದು ನಿಮಿಷ ಎತ್ತಿಕೊಳ್ಳಿ, ಪರವಾಗಿಲ್ಲ ಅಂದರು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವಳು ತನ್ನ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಕೆಲಸಕ್ಕೆ ಮೊದಲ ದಿನ ಹೊರಟವರ ಹಾಗೆ ಕಂಡಳು.

ಮನೆಗೆ ಬಂದು ನಾನು ಮಗುವನ್ನು ನಡುಮನೆಯಲ್ಲಿ ಇಳಿಸಿದೆ. ಅದು ನನ್ನ ಬುಟ್ಟಿಯಲ್ಲಿದ್ದ ಬಟ್ಟೆಯ ಕ್ಲಿಪ್ಪೊಂದನ್ನು ತೆಗೆದುಕೊಂಡು ಆಡುತ್ತಾ ನಿಂತಿತು. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು, ಮಗುವಿನ ಎದುರಿಗೆ ನಿಂತಳು. ಕೂರಲಿಲ್ಲ. ನಿಂತೇ, ಸ್ವಲ್ಪ ಬಗ್ಗಿ, ಎರಡೂ ಕೈ ಮುಂದೆ ಚಾಚಿ, “ಬಾ ಚಿನ್ನಾ,” ಅಂದಳು.

ಬಟಾಣಿ ಆಟ ನಿಲ್ಲಿಸಿ ಆ ಕೈಗಳನ್ನು ನೋಡಿತು. ಒಂದು ಅಂಗೈ ನೋಡಿತು, ಇನ್ನೊಂದು ಅಂಗೈ ನೋಡಿತು, ತಾಯಿಯ ಮುಖ ನೋಡಿತು. ಅಮ್ಮ ಏನೋ ಕೇಳುತ್ತಿದ್ದಾಳೆ ಅಂದುಕೊಂಡಿರಬೇಕು. ತನ್ನ ಕೈಲಿದ್ದ ಕ್ಲಿಪ್ಪನ್ನು ಜೋಪಾನವಾಗಿ ಅವಳ ಅಂಗೈಯಲ್ಲಿಟ್ಟಿತು. ಆಮೇಲೆ ನನ್ನ ಕಡೆ ತಿರುಗಿ, ಎತ್ತಿಕೋ ಅಂತ ಎರಡೂ ಕೈ ಮೇಲೆತ್ತಿತು.

ನನ್ನ ಕೈ ರೂಢಿಯಂತೆ ಮುಂದಕ್ಕೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ. ಮಗು ಕೈ ಎತ್ತಿಕೊಂಡೇ ನಿಂತಿತ್ತು. ಅದರ ಹಿಂದೆ ಅವಳು ಕ್ಲಿಪ್ಪು ಹಿಡಿದ ಕೈ ಚಾಚಿಕೊಂಡು ಹಾಗೇ ಬಗ್ಗಿದ್ದಳು.